ನಟಿಯೊಬ್ಬಳನ್ನು ಹೆಣ್ಣೊಬ್ಬಳು ಪ್ರೀತಿಸುವ ಕಾದಂಬರಿಗಳಲ್ಲಿ ಯಾವುದು ಓದಲಿ?

ಹಳೆ ಹಾಲಿವುಡ್ ನಟಿ ಎವೆಲಿನ್ ಕಥೆ ಹೇಳುವ ‘ದಿ ಸೆವೆನ್ ಹಸ್ಬೆಂಡ್ಸ್ ಆಫ್ ಎವೆಲಿನ್ ಹ್ಯೂಗೊ’ ಕಾದಂಬರಿ ಮುಗಿಸಿದ್ದೀನಿ, ಅಂಥದ್ದೇ ಇನ್ನೇನಿದೆ ಅಂತ ಕೇಳಿದ್ದೀರಿ. ನಾನು ಮೊದಲು ಕೈಗೆ ಕೊಡುವುದು ಸಿನಿಮಾ ನಟಿಯ ಕಥೆಯನ್ನಲ್ಲ, ರಂಗದ ಮೇಲಿನವಳದನ್ನು. ಸಾರಾ ವಾಟರ್ಸ್ ಅವರ ‘ಟಿಪ್ಪಿಂಗ್ ದಿ ವೆಲ್ವೆಟ್’, 1998ರದ್ದು.

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲೆಂಡ್. ನ್ಯಾನ್ಸಿ, ವಿಟ್‌ಸ್ಟಬಲ್ ಎಂಬ ಕಡಲೂರಿನ ಹುಡುಗಿ, ಮನೆಯವರದು ಆಯ್ಸ್ಟರ್ (ಸಮುದ್ರದ ಚಿಪ್ಪುಜೀವಿ) ಹೋಟೆಲ್. ಕಿಟ್ಟಿ ಬಟ್ಲರ್ ಮ್ಯೂಸಿಕ್ ಹಾಲ್‌ನಲ್ಲಿ, ಅಂದರೆ ಹಾಡು-ಹಾಸ್ಯದ ರಂಗಮಂದಿರದಲ್ಲಿ, ಸೂಟು ತೊಟ್ಟು ಗಂಡುವೇಷದಲ್ಲಿ ಹಾಡುವವಳು. ಅವಳನ್ನು ನೋಡಲೆಂದೇ ನ್ಯಾನ್ಸಿ ಮತ್ತೆ ಮತ್ತೆ ರೈಲು ಹತ್ತುತ್ತಾಳೆ. ಕೊನೆಗೊಂದು ದಿನ ಡ್ರೆಸ್ಸಿಂಗ್ ರೂಮಿನಿಂದ ಕರೆ ಬರುತ್ತದೆ. ಕೈಗೆ ಆಯ್ಸ್ಟರ್ ವಾಸನೆ ಅಂಟಿದೆಯಲ್ಲ ಅಂತ ನ್ಯಾನ್ಸಿಗೆ ನಾಚಿಕೆ. ಕಿಟ್ಟಿ ಅದೇ ಕೈಯನ್ನು ಹಿಡಿದು ಮೂಸಿ, ಮತ್ಸ್ಯಕನ್ಯೆಯ ವಾಸನೆ ಅನ್ನುತ್ತಾಳೆ. ಅಲ್ಲಿಗೆ ನ್ಯಾನ್ಸಿ ಕಥೆ ಮುಗಿಯಿತು! ನಾನೂ ಅಲ್ಲೇ ಬಿದ್ದೆ ಅನ್ನಿ. ಮುಂದೆ ಅವಳು ಕಿಟ್ಟಿಗೆ ವೇಷ ತೊಡಿಸುವವಳಾಗುತ್ತಾಳೆ, ಆಮೇಲೆ ರಂಗದ ಮೇಲೆ ಜೋಡಿಯೂ ಆಗುತ್ತಾಳೆ. ನೂರಾರು ಜನರೆದುರು ಪ್ಯಾಂಟು ತೊಟ್ಟು ಹುಡುಗಿಯರಿಗೆ ಗುಲಾಬಿ ಎಸೆಯುವ ಕಿಟ್ಟಿ, ಪರದೆ ಬಿದ್ದ ಮೇಲೆ ನಾಲ್ಕು ಜನ ಏನಂದಾರು ಎಂದು ನಡುಗುತ್ತಾಳೆ. ಆ ಹೆದರಿಕೆ ಏನು ಮಾಡಿಸುತ್ತದೆ ಅಂತ ಹೇಳಲ್ಲ, ಓದಿ.

ಎವೆಲಿನ್ ಕಥೆ ನಿಮಗೆ ಹಿಡಿಸಿದ್ದೂ ಇದಕ್ಕೇ ಇರಬೇಕು, ಅಲ್ವಾ? ಸಹನಟಿ ಸೀಲಿಯಾ ಜೊತೆಗಿನ ಪ್ರೀತಿಯ ಬಗ್ಗೆ ಎದ್ದ ಗುಸುಗುಸು ನಿಲ್ಲಿಸೋಕೆ ಅವಳು ಲಾಸ್ ವೇಗಸ್‌ಗೆ ಹೋಗಿ ಗಾಯಕನೊಬ್ಬನನ್ನು ಮದುವೆಯಾಗುತ್ತಾಳೆ. ಅದು ಬರೀ ಕಟ್ಟುಕಥೆಯ ತಿರುವಲ್ಲ. ಹಳೆ ಹಾಲಿವುಡ್ ಸ್ಟುಡಿಯೋಗಳ ಕರಾರಿನಲ್ಲಿ ‘ನಡತೆ’ಯ ಷರತ್ತು ನಿಜವಾಗಿಯೂ ಇರುತ್ತಿತ್ತು, ಹೆಸರು ಕೆಟ್ಟರೆ ಕೆಲಸವೇ ಹೋಗುತ್ತಿತ್ತು. ಮುಚ್ಚಿಟ್ಟುಕೊಳ್ಳುವುದು ಬೇರೆಯವರಿಗೆ ಸಂಕಟ. ನಟಿಗೆ ಅದು ಸಂಬಳವಿಲ್ಲದ ಇನ್ನೊಂದು ಪಾತ್ರ. ಇದನ್ನು ಬಿಟ್ಟು ಸುಮ್ನೆ ರೆಡ್ ಕಾರ್ಪೆಟ್, ಗೌನು ಅಂತ ಹೊಳಪು ತೋರಿಸುವ ಪುಸ್ತಕಗಳು ನನಗೆ ಐವತ್ತು ಪುಟಕ್ಕೇ ಬೇಜಾರು.

ಹೊಸ ಕಾಲದ್ದು ಬೇಕಾದರೆ ಮೆರಿಲ್ ವಿಲ್ಸ್ನರ್ ಬರೆದ ‘ಸಮ್‌ಥಿಂಗ್ ಟು ಟಾಕ್ ಅಬೌಟ್’ (2020). ಜೋ ಹಿಂದೆ ನಟಿ, ಈಗ ಟಿವಿ ಸೀರಿಯಲ್ ನಡೆಸುವವಳು. ರೆಡ್ ಕಾರ್ಪೆಟ್ ಮೇಲೆ ತನ್ನ ಅಸಿಸ್ಟೆಂಟ್ ಎಮಾಳನ್ನು ನಗಿಸುತ್ತಾಳೆ, ಆ ಫೋಟೋ ಹರಿದಾಡುತ್ತದೆ, ಮುಗೀತು. ಪ್ರೀತಿಗಿಂತ ಮೊದಲೇ ಸುದ್ದಿ! ಆದರೆ ಕಥೆ ಸಿಕ್ಕಾಪಟ್ಟೆ ನಿಧಾನ, ತಾಳ್ಮೆ ಇರಲಿ. ನಗು ಜಾಸ್ತಿ ಬೇಕಾದರೆ ಲೀ ವಿಂಟರ್ ಅವರ ‘ಬ್ರೇಕಿಂಗ್ ಕ್ಯಾರೆಕ್ಟರ್’. ಆಸ್ಪತ್ರೆ ಸೀರಿಯಲ್ ಒಂದರ ಇಬ್ಬರು ನಟಿಯರು ಪ್ರೇಮಿಗಳ ಹಾಗೆ ನಟಿಸಬೇಕಾಗುತ್ತದೆ. ಇಂಥ ನಾಟಕವೇ ಆಶ್ಲಿ ಹೆರಿಂಗ್ ಬ್ಲೇಕ್ ಅವರ ‘ಐರಿಸ್ ಕೆಲಿ ಡಸಂಟ್ ಡೇಟ್’ನಲ್ಲೂ (2023) ಇದೆ. ಅದರ ಸ್ಟೀವಿ ದೊಡ್ಡ ತಾರೆ ಅಲ್ಲ, ವಿಪರೀತ ಗಾಬರಿಯ ನಾಟಕದ ನಟಿ. ಸರಣಿಯ ಮೂರನೆಯದು, ಆದರೂ ಬಿಡಿಯಾಗಿ ಓದಬಹುದು.

‘ದಿ ಪ್ರೈಸ್ ಆಫ್ ಸಾಲ್ಟ್’ ಅಂತ ಯಾರಾದರೂ ಸೂಚಿಸಿಯೇ ಸೂಚಿಸುತ್ತಾರೆ. ಪೆಟ್ರೀಷಿಯಾ ಹೈಸ್ಮಿತ್ 1952ರಲ್ಲಿ ಕ್ಲೇರ್ ಮಾರ್ಗನ್ ಎಂಬ ಬೇರೆ ಹೆಸರಿನಲ್ಲಿ ಹೊರತಂದ ಚೆಂದದ ಪುಸ್ತಕ. ಆದರೆ ಅದರಲ್ಲಿ ನಾಯಕಿ ರಂಗಸಜ್ಜಿಕೆ ಮಾಡುವವಳು, ನಟಿ ಇಣುಕುವುದು ಕೊನೆಯಲ್ಲಿ. ನಿಮ್ಮ ಪ್ರಶ್ನೆಗೆ ಅದು ಉತ್ತರವಲ್ಲ.

ಇನ್ನೊಂದು, ವಾಟರ್ಸ್ ಕಾದಂಬರಿಯಲ್ಲಿ ಹಸಿಬಿಸಿ ಭಾಗಗಳು ಕಮ್ಮಿಯೇನಿಲ್ಲ. ಆಡಿಯೋಬುಕ್ ಕೇಳುವುದಾದರೆ ಇಯರ್‌ಫೋನ್ ಹಾಕಿಕೊಳ್ಳಿ.