2001ರ ಸ್ಯಾಟರ್ನ್ ಕಾರು ತಗೋಬಹುದಾ? ಅಷ್ಟು ಹೆಸರು ಮಾಡಿದ ಕಂಪನಿ ಮುಚ್ಚಿದ್ದು ಯಾಕೆ?

ನೀವು ಎರಡು ವಿಷಯ ಕೇಳಿದ್ದೀರಿ. ಓದಲು ಅಮೆರಿಕಕ್ಕೆ ಬಂದಿದ್ದೀರಿ, ಪರಿಚಯದವರೊಬ್ಬರು 2001ರ ಸ್ಯಾಟರ್ನ್ ಎಸ್‌ಎಲ್2 ಮಾರುತ್ತಿದ್ದಾರೆ, ತಗೋಬಹುದಾ ಅನ್ನೋದು ಒಂದು. ಹಳೇ ಓನರ್‌ಗಳು ಇವತ್ತಿಗೂ ಅಷ್ಟು ಹೊಗಳುವ ಕಂಪನಿ ಯಾಕೆ ಮುಚ್ಚಿಹೋಯಿತು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಚಿಕ್ಕ ಉತ್ತರ: ಆಗಾಗ ಬಾನೆಟ್ ಎತ್ತಿ ಆಯಿಲ್ ನೋಡುವ ತಾಳ್ಮೆ ಇದ್ದರೆ, ರೇಟೂ ಕಡಿಮೆ ಇದ್ದರೆ, ತಗೊಳ್ಳಿ. ಎರಡನೆಯದು ಸ್ವಲ್ಪ ಉದ್ದದ ಕತೆ. ತೊಂಬತ್ತರ ದಶಕದಲ್ಲಿ ಕೆಲಸಕ್ಕೆ ಅಂತ ಇಲ್ಲಿಗೆ ಬಂದ ನಾನು ಹೊಸದಾಗಿ ಕೊಂಡ ಮೊದಲ ಕಾರು ಸ್ಯಾಟರ್ನೇ. ಹಾಗಾಗಿ ನನಗೆ ಅದರ ಮೇಲೆ ಸ್ವಲ್ಪ ಪ್ರೀತಿ ಜಾಸ್ತಿ. ಅದನ್ನು ಲೆಕ್ಕಕ್ಕೆ ಇಟ್ಟುಕೊಂಡೇ ಓದಿ.

ಎಂಬತ್ತರ ದಶಕದ ಶುರುವಿನಲ್ಲಿ ಅಮೆರಿಕದ ಸಣ್ಣ ಕಾರುಗಳ ಪಾಡು ಯಾರಿಗೂ ಬೇಡ. ಟೊಯೊಟಾ, ಹೋಂಡಾ ಕಾರುಗಳು ಕಡಿಮೆ ಪೆಟ್ರೋಲ್ ಕುಡಿಯುತ್ತಿದ್ದವು, ಕೈಕೊಡುತ್ತಿರಲಿಲ್ಲ. ಜನ ಅತ್ತ ಹೋಗತೊಡಗಿದರು. ಆಗ ಅಮೆರಿಕದ ದೊಡ್ಡ ಕಾರು ಕಂಪನಿ ಜನರಲ್ ಮೋಟಾರ್ಸ್‌ನ ಅಧ್ಯಕ್ಷರಾಗಿದ್ದವರು ರೋಜರ್ ಸ್ಮಿತ್. ತಮ್ಮಲ್ಲೇ ಇರುವ ಶೆವ್ರೊಲೆ, ಪಾಂಟಿಯಾಕ್ ಬ್ರ್ಯಾಂಡ್‌ಗಳನ್ನು ರಿಪೇರಿ ಮಾಡುತ್ತಾ ಕೂತರೆ ಆಗೋದಲ್ಲ, ಹೊಸ ಕಂಪನಿಯನ್ನೇ ಕಟ್ಟೋಣ ಅಂತ ತೀರ್ಮಾನವಾಯಿತು. 1985ರ ಜನವರಿಯಲ್ಲಿ ಸ್ಯಾಟರ್ನ್ ಕಾರ್ಪೊರೇಷನ್ ಹುಟ್ಟಿತು. ಚಂದ್ರನ ಪೈಪೋಟಿಯಲ್ಲಿ ರಷ್ಯಾದವರನ್ನು ಹಿಂದೆ ಹಾಕಿದ ಸ್ಯಾಟರ್ನ್ ರಾಕೆಟ್ಟಿನ ಹೆಸರು ಅದು. ಈ ಸಲ ಹಿಂದೆ ಹಾಕಬೇಕಿದ್ದದ್ದು ಜಪಾನಿನವರನ್ನು.

ಫ್ಯಾಕ್ಟರಿ ನಮ್ಮಲ್ಲಿ ಹಾಕಿ ಅಂತ ರಾಜ್ಯಗಳು ದುಂಬಾಲು ಬಿದ್ದವು. ಕೊನೆಗೆ ಸಿಕ್ಕಿದ್ದು ಟೆನೆಸಿಯ ಸ್ಪ್ರಿಂಗ್ ಹಿಲ್‌ಗೆ. ನ್ಯಾಶ್‌ವಿಲ್‌ನ ದಕ್ಷಿಣಕ್ಕೆ, ಹೊಲಗದ್ದೆ, ಕುದುರೆಗಳ ನಡುವೆ, ಸಾವಿರ ಚಿಲ್ಲರೆ ಜನ ಇದ್ದ ಊರು. ಕಾರ್ಮಿಕ ಸಂಘವಾದ ಯುಎಡಬ್ಲ್ಯೂ ಜೊತೆ ಮಾಡಿಕೊಂಡ ಒಪ್ಪಂದವೂ ಬೇರೆಯೇ ಥರ. ಕೆಲಸಗಾರರಿಗೆ ಗಂಟೆ ಲೆಕ್ಕದ ಕೂಲಿ ಇಲ್ಲ, ಸಂಬಳ. ಅದರಲ್ಲಿ ಒಂದು ಪಾಲು ಕೆಲಸದ ಗುಣಮಟ್ಟಕ್ಕೆ, ಗುರಿ ಮುಟ್ಟುವುದಕ್ಕೆ ಕಟ್ಟಿದ್ದು. ಸಣ್ಣ ಸಣ್ಣ ತಂಡಗಳು ತಮ್ಮ ಕೆಲಸ ತಾವೇ ಹಂಚಿಕೊಳ್ಳುತ್ತಿದ್ದವು. ಮ್ಯಾನೇಜರ್ ಪಕ್ಕದಲ್ಲೇ ಸಂಘದವರೂ ಕೂತು ನಿರ್ಧಾರ ಮಾಡುತ್ತಿದ್ದರು. ಅಮೆರಿಕದ ಕಾರು ಕಂಪನಿಗಳ ತವರಾದ ಡೆಟ್ರಾಯಿಟ್‌ನಲ್ಲಿ ಬೆಳೆದವರಿಗೆ ಇದು ನಂಬೋಕೇ ಆಗದ ಸಂಗತಿ.

ಮೊದಲ ಕಾರು ಹೊರಗೆ ಬಂದದ್ದು 1990ರ ಜುಲೈ 30ಕ್ಕೆ. ಅದನ್ನು ಓಡಿಸಿಕೊಂಡು ಬಂದವರು ರೋಜರ್ ಸ್ಮಿತ್, ಜೊತೆಗೆ ಯುಎಡಬ್ಲ್ಯೂ ಅಧ್ಯಕ್ಷ ಓವೆನ್ ಬೀಬರ್. ಮರುದಿನಕ್ಕೆ ಸ್ಮಿತ್ ರಿಟೈರ್ ಆದರು. ಸ್ಯಾಟರ್ನ್ ಹೆತ್ತವರು ಹೊರಟುಹೋದರು, ಸಾಕುವವರಿಗೆ ಅಷ್ಟು ಅಕ್ಕರೆ ಇರಲಿಲ್ಲ. ಮುಂದಿನ ಕತೆಯೆಲ್ಲ ಇದರಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಅದಿರಲಿ, ಮೊದಲು ಒಳ್ಳೆಯದನ್ನು ಹೇಳುತ್ತೇನೆ.

ಅಮೆರಿಕದಲ್ಲಿ ಹೊಸ ಕಾರು ಕೊಳ್ಳುವುದು ಅಂದರೆ ಏನು ಅಂತ ನಿಮಗಿನ್ನೂ ಗೊತ್ತಿರಲಿಕ್ಕಿಲ್ಲ. ಗಾಜಿನ ಮೇಲೆ ಒಂದು ರೇಟು ಅಂಟಿಸಿರುತ್ತಾರೆ, ಆ ರೇಟಿಗೆ ಯಾರೂ ತಗೊಳ್ಳಲ್ಲ. ಸೇಲ್ಸ್‌ನವನು ಒಂದು ಅಂಕಿ ಬರೆದು ತೋರಿಸುತ್ತಾನೆ. ನೀವು ಜಾಸ್ತಿಯಾಯಿತು ಅನ್ನುತ್ತೀರಿ. "ಮ್ಯಾನೇಜರ್‌ನ ಕೇಳಿ ಬರ್ತೀನಿ" ಅಂತ ಒಳಗೆ ಹೋದವನು ಅರ್ಧ ಗಂಟೆ ಬರಲ್ಲ. ಮಾರ್ಕೆಟ್‌ನಲ್ಲಿ ಸೊಪ್ಪಿಗೆ, ಆಟೋಗೆ ಚೌಕಾಸಿ ಮಾಡಿ ಬೆಳೆದವರು ನಾವು, ನಮಗೇನು ಭಯ ಅಂದುಕೊಂಡಿದ್ದೆ. ಆದರೆ ಮಾತಾಡುವ ಇಂಗ್ಲಿಷಿನ ಮೇಲೇ ಧೈರ್ಯ ಇಲ್ಲದ ಕಾಲದಲ್ಲಿ, ಸಾಲದ ಬಡ್ಡಿ, ತಿಂಗಳ ಕಂತು, ಹಳೇ ಕಾರಿನ ಬೆಲೆ ಎಲ್ಲಾ ಒಟ್ಟಿಗೆ ಕಲಸಿ ಎದುರಿಗಿಟ್ಟರೆ ತಲೆ ಓಡಲ್ಲ ಅಲ್ವಾ?

ಸ್ಯಾಟರ್ನ್ ಶೋರೂಮ್‌ನಲ್ಲಿ ಈ ರಗಳೆಯೇ ಇರಲಿಲ್ಲ. ಒಂದೇ ರೇಟು. ಮಾರುವವರಿಗೆ ಸಂಬಳ, ಹಾಗಾಗಿ ಬೆನ್ನು ಹತ್ತುತ್ತಿರಲಿಲ್ಲ. ನಾನು ಹೋದಾಗ ಒಬ್ಬ ಹೆಂಗಸು ಬಂದು ಹೆಸರು ಕೇಳಿ, ಕಾಫಿ ಎಲ್ಲಿದೆ ತೋರಿಸಿ, "ನೋಡ್ತಾ ಇರಿ, ಬೇಕಾದಾಗ ಕರೀರಿ" ಅಂತ ಹೋಗಿಬಿಟ್ಟರು. ನನಗೆ ಅನುಮಾನವೇ ಬಂತು, ಇವರಿಗೆ ಮಾರೋಕೆ ಇಷ್ಟ ಇಲ್ವಾ ಅಂತ. ಕಾರು ಕೈಗೆ ಕೊಡುವ ದಿನ ಅಲ್ಲಿನ ಸಿಬ್ಬಂದಿ ಎಲ್ಲಾ ಕೆಲಸ ಬಿಟ್ಟು ಬಂದು ಸುತ್ತ ನಿಂತು ಚಪ್ಪಾಳೆ ತಟ್ಟಿದರು. ಮೆಕ್ಯಾನಿಕ್ಕೂ ಕೈ ಒರೆಸಿಕೊಂಡು ಬಂದಿದ್ದ. ಫೋಟೋ ಹಿಡಿದರು. ನಮ್ಮ ಮನೆಯವರು ಪರ್ಸಿನಿಂದ ನಾಲ್ಕು ನಿಂಬೆಹಣ್ಣು ತೆಗೆದು ನನ್ನ ಮುಖ ನೋಡಿದರು. ಚಕ್ರದ ಕೆಳಗೆ ಇಟ್ಟು ಯಾಕೆ ಹೀಗೆ ಅಂತ ವಿವರಿಸಿದ್ದಕ್ಕೆ ಸಿಬ್ಬಂದಿ ಎರಡನೇ ಸಲ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಎಲ್ಲಾ ಗಿರಾಕಿಗಳಿಗೂ ಮಾಡುತ್ತಿದ್ದ ಕ್ರಮ, ನಮಗೇನು ವಿಶೇಷವಲ್ಲ. ಆದರೂ ಖುಷಿ ಖುಷಿಯೇ.

ಈ ಮರ್ಯಾದೆ ಬರೀ ಮಾರುವ ತನಕ ಇದ್ದದ್ದಲ್ಲ, ಅದೇ ಮುಖ್ಯ. 1991ರಲ್ಲಿ ಹೊರಗಿನಿಂದ ಬಂದ ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ಸರಿಯಿಲ್ಲದೆ ಎಂಜಿನ್ ಒಳಗೆ ತಿಂದುಹಾಕುವ ತೊಂದರೆ ಕಾಣಿಸಿತು. 1800ಕ್ಕೂ ಹೆಚ್ಚು ಕಾರುಗಳಿಗೆ ಅದು ಹೋಗಿತ್ತು. ಬೇರೆಯವರಾದರೆ ಎಂಜಿನ್ ತೊಳೆದು ಕೊಡುತ್ತಿದ್ದರೇನೋ. ಸ್ಯಾಟರ್ನ್‌ನವರು ಓನರ್‌ಗಳಿಗೆ ಬೇರೆ ಕಾರನ್ನೇ ಕೊಟ್ಟರು. ಸೀಟಿನ ದೋಷಕ್ಕೆ ಕಾರುಗಳನ್ನು ವಾಪಸ್ ಕರೆಸಿದಾಗ ಅಲಾಸ್ಕದ ಮೂಲೆಯಲ್ಲಿದ್ದ ಒಬ್ಬ ಗಿರಾಕಿಗೋಸ್ಕರ ಮೆಕ್ಯಾನಿಕ್ ಒಬ್ಬ ಸೀಟು ಹೊತ್ತು ಹೋದದ್ದು ಟಿವಿ ಜಾಹೀರಾತೇ ಆಯಿತು. ಜಾಹೀರಾತು ಅಂದಮೇಲೆ ಅದರಲ್ಲಿ ಲೆಕ್ಕಾಚಾರ ಇದ್ದೇ ಇರುತ್ತದೆ, ಒಪ್ಪುತ್ತೇನೆ. ಆದರೆ 1994ರ ಜೂನ್‌ನಲ್ಲಿ ಸ್ಪ್ರಿಂಗ್ ಹಿಲ್‌ನಲ್ಲಿ "ಹೋಮ್‌ಕಮಿಂಗ್" ಮಾಡಿದಾಗ 40 ಸಾವಿರಕ್ಕೂ ಹೆಚ್ಚು ಜನ ತಮ್ಮ ಖರ್ಚಿನಲ್ಲಿ ಬಂದರು. ರಜೆ ಹಾಕಿ, ಮಕ್ಕಳು ಮರಿ ಕಟ್ಟಿಕೊಂಡು, ನಮ್ಮ ಕಾರು ಹುಟ್ಟಿದ ಜಾಗ ನೋಡಬೇಕು ಅಂತ. ಅದೂ ಯಾವ ಕಾರಿಗೆ? ಸ್ಪೋರ್ಟ್ಸ್ ಕಾರಲ್ಲ, ದೊಡ್ಡವರ ಕಾರಲ್ಲ. ಆಫೀಸಿಗೂ ದಿನಸಿಗೂ ಓಡಾಡುವ ಸಾದಾ ಸಣ್ಣ ಕಾರಿಗೆ. ಆ ವರ್ಷ ಸುಮಾರು 2.86 ಲಕ್ಷ ಕಾರು ಮಾರಾಟವಾದವು. ಅಷ್ಟು ಮತ್ತೆ ಯಾವತ್ತೂ ಮಾರಲಿಲ್ಲ.

ಈಗ ಕಾರಿನ ವಿಷಯ. ನಿಮ್ಮ ಎಸ್‌ಎಲ್2 ಸೇರುವ ಎಸ್ ಸರಣಿಯ ಬಾಗಿಲು, ಫೆಂಡರ್ ಎಲ್ಲಾ ಪ್ಲಾಸ್ಟಿಕ್. ಒಳಗೆ ಉಕ್ಕಿನ ಚೌಕಟ್ಟು, ಅದರ ಮೇಲೆ ಈ ಪ್ಯಾನೆಲ್‌ಗಳನ್ನು ಕೂರಿಸಿರುತ್ತಾರೆ. ಅಂಗಡಿ ಮುಂದೆ ತಳ್ಳುಗಾಡಿ ಬಂದು ಬಾಗಿಲಿಗೆ ಗುದ್ದಿದರೆ ತಗ್ಗು ಬೀಳಲ್ಲ, ಗಾಡಿಯೇ ವಾಪಸ್ ಹೋಗುತ್ತದೆ. ತುಕ್ಕೂ ಹಿಡಿಯಲ್ಲ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ಇದು ದೊಡ್ಡ ಲಾಭ. ಮನೆಯವರು ಡ್ರೈವಿಂಗ್ ಕಲಿಯುವಾಗ "ಸ್ಟೂಡೆಂಟ್ ಡ್ರೈವರ್" ಅನ್ನುವ ಆಯಸ್ಕಾಂತದ ಬೋರ್ಡ್ ತಂದಿದ್ದೆ. ಬಾಗಿಲಿಗೆ ಇಟ್ಟರೆ ಜಾರಿ ಕೆಳಗೆ ಬೀಳುತ್ತಿತ್ತು. ಕೊನೆಗೆ ಹಿಂದಿನ ಡಿಕ್ಕಿಗೆ ಅಂಟಿತು, ಅದು ಉಕ್ಕು. ಬಾನೆಟ್ಟು, ಟಾಪೂ ಉಕ್ಕೇ. ಅಂದಹಾಗೆ, ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗುತ್ತದೆ. ಅದಕ್ಕೆ ಪ್ಯಾನೆಲ್‌ಗಳ ನಡುವೆ ಸಂದು ಸ್ವಲ್ಪ ಅಗಲ. ನೀವು ನೋಡಲು ಹೋದಾಗ ಆ್ಯಕ್ಸಿಡೆಂಟ್ ಆಗಿದೆ ಅಂತ ಹೆದರಬೇಡಿ.

ಎಂಜಿನ್ 1.9 ಲೀಟರ್, ನಾಲ್ಕು ಸಿಲಿಂಡರ್. ಎಸ್‌ಎಲ್2ರಲ್ಲಿ 124 ಹಾರ್ಸ್‌ಪವರ್. ಆ ತೂಕದ ಕಾರಿಗೆ ಧಾರಾಳ. ಮೈಲೇಜ್ ಚೆನ್ನಾಗಿದೆ. ಟೈಮಿಂಗ್ ಬೆಲ್ಟ್ ಬದಲು ಚೈನ್ ಇರುವುದರಿಂದ ಇಷ್ಟು ಮೈಲಿಗೊಮ್ಮೆ ಬೆಲ್ಟ್ ಬದಲಾಯಿಸುವ ಖರ್ಚಿಲ್ಲ. ಸದ್ದು ಮಾತ್ರ ಜಾಸ್ತಿ. ಹೈವೇಗೆ ಏರುವಾಗ ಜೋರಾಗಿ ತುಳಿದರೆ ಪಕ್ಕದವರ ಮಾತು ಕೇಳಿಸಲ್ಲ.

ಓನರ್‌ಗಳು ಹೆಚ್ಚಾಗಿ ಹೇಳುವ ದೂರು ಒಂದೇ: ಆಯಿಲ್ ಕುಡಿಯುತ್ತದೆ. ಪಿಸ್ಟನ್‌ನ ಆಯಿಲ್ ರಿಂಗ್ ಹತ್ತಿರ ಆಯಿಲ್ ವಾಪಸ್ ಇಳಿಯಲು ಸರಿಯಾದ ದಾರಿ ಇಲ್ಲ. ಕಾಲ ಹೋದಂತೆ ಅಲ್ಲಿ ಕಿಟ್ಟ ಕಟ್ಟಿ ರಿಂಗ್ ಹಿಡಿದುಕೊಳ್ಳುತ್ತದೆ, ಆಯಿಲ್ ಮೇಲೆ ಹತ್ತಿ ಸುಡುತ್ತದೆ. ಹೊಗೆ ಕಾಣಿಸಲೇಬೇಕು ಅಂತೇನಿಲ್ಲ. ಸೋರಿದ ಕಲೆಯೂ ಇರಲ್ಲ. ಸುಮ್ನೆ ಕಡಿಮೆಯಾಗುತ್ತಾ ಹೋಗುತ್ತದೆ, ಒಂದು ದಿನ ಎಂಜಿನ್ ಕೆಟ್ಟು ಕೂರುತ್ತದೆ. ಲಕ್ಷಾಂತರ ಮೈಲಿ ಓಡಿಸಿದವರೂ ಇದ್ದಾರೆ, ಅರ್ಧಕ್ಕೇ ಗುಜರಿಗೆ ಹಾಕಿದವರೂ ಇದ್ದಾರೆ. ಇಬ್ಬರ ನಡುವಿನ ವ್ಯತ್ಯಾಸ ಎಷ್ಟೋ ಸಲ ಪೆಟ್ರೋಲ್ ಹಾಕಿಸಿದಾಗಲೆಲ್ಲ ಡಿಪ್‌ಸ್ಟಿಕ್ (ಆಯಿಲ್ ಎಷ್ಟಿದೆ ಅಂತ ತೋರಿಸುವ ಕಡ್ಡಿ) ಎಳೆದು ನೋಡಿದ್ದು, ನೋಡದೇ ಇದ್ದದ್ದು, ಅಷ್ಟೇ.

ಹಾಗಾದರೆ ಕಂಪನಿ ಯಾಕೆ ಮುಚ್ಚಿತು? ಆಯಿಲ್ ಕುಡಿದಿದ್ದಕ್ಕಲ್ಲ. ಹತ್ತು ವರ್ಷ ಒಂದೇ ಕಾರನ್ನು ಮಾರಿದ್ದಕ್ಕೆ. 1990ರಲ್ಲಿ ಮದುವೆಯಾಗದ ಹುಡುಗ ಕೊಂಡ ಸಣ್ಣ ಕಾರು, ಎರಡು ಮಕ್ಕಳಾದ ಮೇಲೆ ಸಾಲಲ್ಲ. ಅವನು ಅದೇ ಶೋರೂಮ್‌ಗೆ ಹೋಗಿ ದೊಡ್ಡದು ಕೊಡಿ ಅಂದರೆ ಕೊಡೋಕೆ ಏನೂ ಇರಲಿಲ್ಲ. ಹೋಂಡಾಗೆ ಹೋದ. ಜನರಲ್ ಮೋಟಾರ್ಸ್‌ನ ಬೇರೆ ವಿಭಾಗಗಳಿಗೆ ಮೊದಲಿನಿಂದಲೂ ಹೊಟ್ಟೆಯುರಿ. ನಮ್ಮ ದುಡ್ಡೆಲ್ಲ ಟೆನೆಸಿಗೆ ಸುರಿದರು ಅಂತ. ಹಾಕಿದ ನೂರಾರು ಕೋಟಿ ಡಾಲರ್ ವಾಪಸ್ ಬರಲಿಲ್ಲ ಅನ್ನೋದೂ ನಿಜವೇ. ಆದರೆ ಹೊಸ ಮಾಡೆಲ್‌ಗೆ ದುಡ್ಡು ಬಿಚ್ಚದೆ ಲಾಭ ಎಲ್ಲಿ ಅಂತ ಕೇಳಿದರೆ ಹೇಗೆ?

ಅಂತೂ 2000ದ ಮಾಡೆಲ್ ಆಗಿ ಎಲ್ ಸರಣಿ ಬಂತು. ಅದು ಯುರೋಪಿನ ಓಪೆಲ್ ವೆಕ್ಟ್ರಾದ ಬುಡದ ಮೇಲೆ ಕಟ್ಟಿದ್ದು, ತಯಾರಾಗುತ್ತಿದ್ದದ್ದು ಸ್ಪ್ರಿಂಗ್ ಹಿಲ್‌ನಲ್ಲಿ ಅಲ್ಲ, ಡೆಲವೇರ್‌ನಲ್ಲಿ. ಜನ ಮೂಸಲಿಲ್ಲ. ಆಮೇಲೆ ವ್ಯೂ ಅನ್ನುವ ಎಸ್‌ಯುವಿ, ಎಸ್ ಸರಣಿಯ ಜಾಗಕ್ಕೆ ಅಯಾನ್. ಸ್ಪ್ರಿಂಗ್ ಹಿಲ್‌ನ ವಿಶೇಷ ಒಪ್ಪಂದವನ್ನೂ ಬಿಟ್ಟು ಕೆಲಸಗಾರರು ಎಲ್ಲರ ಹಾಗೆ ರಾಷ್ಟ್ರೀಯ ಒಪ್ಪಂದಕ್ಕೆ ಮರಳಿದರು. 2007ರ ಹೊತ್ತಿಗೆ ಅಲ್ಲಿ ಸ್ಯಾಟರ್ನ್ ಮಾಡುವುದೇ ನಿಂತಿತು. ತಮಾಷೆ ಅಂದರೆ ಕೊನೆಯಲ್ಲೇ ಚೆಂದದ ಕಾರುಗಳು ಬಂದವು. ಆರಾ ಅನ್ನುವ ಮಾಡೆಲ್‌ಗೆ 2007ರ ಉತ್ತರ ಅಮೆರಿಕದ ವರ್ಷದ ಕಾರು ಪ್ರಶಸ್ತಿ ಸಿಕ್ಕಿತು. ಸ್ಕೈ ಅನ್ನುವ ಎರಡು ಸೀಟಿನ ಕಾರು ಇವತ್ತಿಗೂ ರಸ್ತೆಯಲ್ಲಿ ಕಂಡರೆ ತಿರುಗಿ ನೋಡುತ್ತೇನೆ. ಆದರೆ ಅಷ್ಟರಲ್ಲಿ ಹಳೇ ಗಿರಾಕಿಗಳು ಚದುರಿಹೋಗಿದ್ದರು.

2009ರ ಜೂನ್‌ನಲ್ಲಿ ಜನರಲ್ ಮೋಟಾರ್ಸ್ ದಿವಾಳಿ ಅರ್ಜಿ ಹಾಕಿತು. ಸ್ಯಾಟರ್ನ್ ಅನ್ನು ಕಾರು ಶೋರೂಮ್‌ಗಳನ್ನು ನಡೆಸುವ ಪೆನ್ಸ್ಕೆ ಆಟೋಮೋಟಿವ್‌ನವರು ಕೊಳ್ಳುತ್ತಾರೆ ಅಂತ ಮಾತುಕತೆಯೂ ಆಯಿತು. ಜನರಲ್ ಮೋಟಾರ್ಸ್ ಮಾಡಿಕೊಡುವುದು ನಿಂತ ಮೇಲೆ ಕಾರು ಎಲ್ಲಿಂದ ತರುವುದು? ರೆನೋ ಕಂಪನಿಯಿಂದ ಆಗಬಹುದು ಅಂದುಕೊಂಡಿದ್ದರು, ಅದು ಕೈಬಿಟ್ಟಿತು. ಸೆಪ್ಟೆಂಬರ್ ಕೊನೆಗೆ ವ್ಯವಹಾರ ಮುರಿದುಬಿತ್ತು. 2010ರ ಅಕ್ಟೋಬರ್‌ಗೆ ಬಾಗಿಲು ಹಾಕಿದರು. ಆ ಫ್ಯಾಕ್ಟರಿ ಮಾತ್ರ ಇದೆ, ಈಗ ಅಲ್ಲಿ ಕ್ಯಾಡಿಲಾಕ್‌ಗಳು ತಯಾರಾಗುತ್ತವೆ.

ಇನ್ನು ನಿಮ್ಮ ಕಾರು. ಎಂಜಿನ್ ತಣ್ಣಗಿರುವಾಗಲೇ ಹೋಗಿ, ಅವರು ಸ್ಟಾರ್ಟ್ ಮಾಡುವ ಮೊದಲೇ ಡಿಪ್‌ಸ್ಟಿಕ್ ನೋಡಿ. "ಎಷ್ಟು ದಿನಕ್ಕೊಂದು ಕ್ವಾರ್ಟ್ ಆಯಿಲ್ ಹಾಕ್ತೀರಿ?" ಅಂತ ನೇರವಾಗಿ ಕೇಳಿ (ಕ್ವಾರ್ಟ್ ಅಂದರೆ ಸುಮಾರು ಒಂದು ಲೀಟರ್). ಒಂದು ಹನಿಯೂ ಹಾಕಲ್ಲ ಅಂದರೆ ಸ್ವಲ್ಪ ಹುಷಾರು. ಡಿಕ್ಕಿಯಲ್ಲಿ ಅರ್ಧ ಖಾಲಿಯಾದ ಆಯಿಲ್ ಡಬ್ಬ ಕಂಡರೆ ನನಗಂತೂ ಸಮಾಧಾನ, ನೋಡಿಕೊಂಡಿದ್ದಾರೆ ಅಂತ ಅರ್ಥ. ಆಟೋಮ್ಯಾಟಿಕ್ ಆಗಿದ್ದರೆ ರಿವರ್ಸ್‌ಗೆ ಹಾಕಿ ನೋಡಿ, ಢಬ್ ಅಂತ ಒದ್ದರೆ ಗೇರ್‌ಬಾಕ್ಸ್‌ನ ವಾಲ್ವ್ ಬಾಡಿ ಸವೆದಿರಬಹುದು. ಆ ಖರ್ಚು ಕಾರಿನ ಬೆಲೆಗೇ ಹತ್ತಿರ ಬರಬಹುದು. ನಿಂತಲ್ಲೇ ಸ್ಟೀರಿಂಗ್ ನಡುಗುತ್ತಿದ್ದರೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ, ಮೇಲಿನ ಎಂಜಿನ್ ಮೌಂಟ್ ಹೋಗಿರುತ್ತದೆ, ಅಗ್ಗದ ಸಾಮಾನು.

ಬಿಡಿಭಾಗಗಳ ಚಿಂತೆ ಬೇಡ. ಸವೆಯುವ ಸಾಮಾನೆಲ್ಲ ಸಾಮಾನ್ಯ ಆಟೋ ಅಂಗಡಿಯಲ್ಲೇ ಸಿಗುತ್ತದೆ. ಪ್ಯಾನೆಲ್ ಒಡೆದರೆ ಜಂಕ್‌ಯಾರ್ಡ್‌ಗೆ ಹೋಗಿ ಅದೇ ಬಣ್ಣದ್ದು ಹುಡುಕಿ, ಬಿಚ್ಚಿ ತಂದು ನೀವೇ ಕೂರಿಸಬಹುದು. ಎಸ್‌ಎಲ್2 ಬದಲು ಯಾರಾದರೂ 2003ರಿಂದ 2007ರ ಅಯಾನ್ ತೋರಿಸಿದರೆ, ಇಗ್ನಿಷನ್ ಸ್ವಿಚ್ ಬದಲಾಯಿಸಿದ್ದಾರಾ ಅಂತ ವಿನ್ ನಂಬರ್ (ಪ್ರತಿ ಕಾರಿಗೂ ಇರುವ ಗುರುತಿನ ಸಂಖ್ಯೆ) ಹಾಕಿ ನೋಡದೆ ಮುಟ್ಟಬೇಡಿ. ಓಡುವಾಗಲೇ ಕೀ ಜಾರಿ ಎಂಜಿನ್ ಆಫ್ ಆಗಿ, ಏರ್‌ಬ್ಯಾಗ್ ಬಿಚ್ಚದೆ ಜನ ಸತ್ತಿದ್ದಾರೆ. 2014ರಲ್ಲಿ ಅದಕ್ಕೇ ದೊಡ್ಡ ರೀಕಾಲ್ ಆಯಿತು. ಎಸ್‌ಎಲ್2ಗೆ ಈ ಕಾಟ ಇಲ್ಲ. ಮ್ಯಾನುಯಲ್ ಗೇರ್‌ನದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಊರಲ್ಲಿ ಕ್ಲಚ್ ತುಳಿದು ಕಲಿತವರಿಗೆ ಇಲ್ಲಿ ಅಂಥ ಕಾರು ಅಗ್ಗಕ್ಕೇ ಬರುತ್ತದೆ, ಯಾಕೆಂದರೆ ಇಲ್ಲಿನವರಿಗೆ ಹೆಚ್ಚಿನವರಿಗೆ ಅದನ್ನು ಓಡಿಸೋಕೇ ಬರಲ್ಲ.