ತಾಲ್ಲೂಕಿಗೊಬ್ಬ ಮನೋವೈದ್ಯರು ಬಂದರೆ ಸಾಕೇ?

ಕರ್ನಾಟಕದ ಮಾನಸಿಕ ಆರೋಗ್ಯ ವ್ಯವಸ್ಥೆ ಬಲಗೊಳ್ಳಬೇಕಾದರೆ ಸರ್ಕಾರ ಮೊದಲು ಏನು ಮಾಡಬೇಕು, ತಾಲ್ಲೂಕಿಗೊಬ್ಬ ಮನೋವೈದ್ಯರನ್ನು ನೇಮಿಸಿದರೆ ಸಾಕಲ್ಲವೇ ಎಂದು ಕೇಳಿದ್ದೀರಿ. ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಓದುತ್ತಿರುವ ತಮಗೆ ಈ ಕ್ಷೇತ್ರಕ್ಕೆ ಬರುವ ಮನಸ್ಸಿದೆ ಎಂದೂ ಬರೆದಿದ್ದೀರಿ. ಮಧ್ಯ ಕರ್ನಾಟಕದ ಒಂದು ಜಿಲ್ಲೆಯ ಮಾನಸಿಕ ಆರೋಗ್ಯ ತಂಡದಲ್ಲಿ ಸಾಮಾಜಿಕ ಕಾರ್ಯಕರ್ತೆಯಾಗಿ ಹನ್ನೊಂದು ವರ್ಷ ಕೆಲಸ ಮಾಡಿದ ಅನುಭವದಿಂದ ಹೇಳುವುದಾದರೆ, ಮನೋವೈದ್ಯರು ಖಂಡಿತ ಬೇಕು, ಆದರೆ ಅಷ್ಟೇ ಸಾಲದು. ಚಿಕಿತ್ಸೆ ಆರಂಭಿಸಿದ ರೋಗಿ ಮುಂದಿನ ತಿಂಗಳೂ, ಮುಂದಿನ ವರ್ಷವೂ ಚಿಕಿತ್ಸೆಯಲ್ಲೇ ಉಳಿಯುವಂತೆ ನೋಡಿಕೊಳ್ಳುವ ಜನ ಮತ್ತು ತಪ್ಪದೆ ಸಿಗುವ ಔಷಧ, ನಮ್ಮಲ್ಲಿ ಹೆಚ್ಚಾಗಿ ಸೋರಿಹೋಗುತ್ತಿರುವುದು ಇವೆರಡೇ.

ನಾನು ಕಂಡ ಒಂದು ಪ್ರಸಂಗವನ್ನು, ಗುರುತು ಸಿಗದಂತೆ ಕೆಲವು ವಿವರ ಬದಲಿಸಿ, ಹೇಳುತ್ತೇನೆ. ಸುಮಾರು ಮೂವತ್ತು ವರ್ಷದ ಹೆಣ್ಣುಮಗಳೊಬ್ಬಳನ್ನು ಅವಳ ಅಣ್ಣ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋವೈದ್ಯಕೀಯ ಕ್ಲಿನಿಕ್ಕಿಗೆ ಕರೆತಂದಿದ್ದ. ನಾಲ್ಕು ವರ್ಷಗಳಿಂದ ಅವಳಿಗೆ ಯಾರೂ ಆಡದ ಮಾತುಗಳು ಕೇಳಿಸುತ್ತಿದ್ದವು. ಗಾಳಿ ಸೋಕಿದೆಯೆಂದು ಮನೆಯವರು ಎರಡು ದೇವಸ್ಥಾನಕ್ಕೂ ಒಂದು ದರ್ಗಾಕ್ಕೂ ಅಲೆದು, ಹರಕೆ ಹೊತ್ತು, ಕೊನೆಗೆ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಅವಳನ್ನು ಕೂಡಿಹಾಕಿದ್ದರು. ಅವರನ್ನು ಕ್ರೂರಿಗಳೆಂದು ನಾನು ಎಂದೂ ಎಣಿಸಿಲ್ಲ, ಏಕೆಂದರೆ ಇದು ಚಿಕಿತ್ಸೆಯಿಂದ ಹತೋಟಿಗೆ ಬರಬಲ್ಲ ಕಾಯಿಲೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ. ವೈದ್ಯರು ಇದನ್ನು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗವೆಂದು ಗುರುತಿಸಿ ರಿಸ್ಪೆರಿಡೋನ್ ಮಾತ್ರೆ ಬರೆದರು. ಎರಡೂವರೆ ತಿಂಗಳಲ್ಲಿ ಅವಳು ತಾನೇ ತಲೆ ಬಾಚಿಕೊಂಡು, ಅಣ್ಣನ ಮಗಳ ಕೈಹಿಡಿದು ಬಂದು ನನ್ನ ಮೇಜಿನೆದುರು ಕುಳಿತಳು. ಐದನೆಯ ತಿಂಗಳು ಆಸ್ಪತ್ರೆಯ ಔಷಧಾಲಯದಲ್ಲಿ ಮಾತ್ರೆ ಮುಗಿದಿತ್ತು. ಇಂಡೆಂಟ್ (ಔಷಧದ ಬೇಡಿಕೆ ಪಟ್ಟಿ) ಹೋಗಿದೆ, ಮುಂದಿನ ವಾರ ಬನ್ನಿ ಎಂದು ಅವರಿಗೆ ಹೇಳಲಾಯಿತು. ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಬಂದಿದ್ದ ಅಣ್ಣ ಮುಂದಿನ ವಾರ ಬರಲಿಲ್ಲ, ಅದರ ಮುಂದಿನ ತಿಂಗಳೂ ಬರಲಿಲ್ಲ. ಆ ಹೊತ್ತಿಗೆ ನಮ್ಮ ತಂಡದ ಸಮುದಾಯ ಶುಶ್ರೂಷಕಿ ಕೆಲಸ ಬಿಟ್ಟಿದ್ದರು, ವಾಹನ ಬೇರೆ ಕಾರ್ಯಕ್ರಮಕ್ಕೆ ಹೋಗಿತ್ತು, ಹೀಗಾಗಿ ಆ ಮನೆಯ ಬಾಗಿಲು ತಟ್ಟಲು ನನಗೆ ಹನ್ನೊಂದು ವಾರ ಹಿಡಿಯಿತು. ಅವಳು ಮತ್ತೆ ಅದೇ ಕೋಣೆಯಲ್ಲಿದ್ದಳು. ಅಂದು ಮನೋವೈದ್ಯರ ಕೊರತೆ ಇರಲಿಲ್ಲ, ಪ್ರತಿ ಮಂಗಳವಾರ ಅವರು ತಪ್ಪದೆ ಬರುತ್ತಿದ್ದರು ಎಂಬುದನ್ನು ದಯವಿಟ್ಟು ಗಮನಿಸಿ.

ಹಾಗೆಂದು ನಮ್ಮ ರಾಜ್ಯ ಏನೂ ಮಾಡಿಲ್ಲವೆಂದರೆ ತಪ್ಪಾಗುತ್ತದೆ. ದೇಶಕ್ಕೇ ದಾರಿ ತೋರಿಸಿದ್ದು ಬಳ್ಳಾರಿ ಜಿಲ್ಲೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ 1982ರಲ್ಲಿ ರೂಪುಗೊಂಡ ಬಳಿಕ, ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ನಡೆಸಲು ಸಾಧ್ಯವೇ ಎಂದು ನಿಮ್ಹಾನ್ಸ್ ಸಂಸ್ಥೆ 1980ರ ದಶಕದ ಮಧ್ಯಭಾಗದಲ್ಲಿ ಬಳ್ಳಾರಿಯಲ್ಲಿ ಪರೀಕ್ಷಿಸಿ ನೋಡಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಅಲ್ಪಾವಧಿಯ ತರಬೇತಿ, ಬೆರಳೆಣಿಕೆಯ ಅಗತ್ಯ ಔಷಧಗಳು, ಸರಳವಾದ ದಾಖಲೆ, ಬೆನ್ನಿಗೆ ಜಿಲ್ಲಾ ಮಟ್ಟದ ಒಂದು ಸಣ್ಣ ತಂಡ, ಇಷ್ಟೇ ಅದರ ಬಂಡವಾಳ. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾದದ್ದು ಇದೇ ಮಾದರಿ. ಮುಂದೆ ತೀರ್ಥಹಳ್ಳಿ ಮತ್ತು ತುರುವೇಕೆರೆ ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ಇರುವವರನ್ನು ಅವರವರ ಊರಿನಲ್ಲೇ ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಬೆನ್ನುಹತ್ತಿ ನೋಡಿಕೊಂಡಿತು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಿಂದಾಗಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಬರುವಂತಾಯಿತು. ಬೆಂಗಳೂರಿಗೋ ಧಾರವಾಡಕ್ಕೋ ರಾತ್ರಿ ಬಸ್ಸು ಹತ್ತಬೇಕಿದ್ದ ಕುಟುಂಬಗಳಿಗೆ ಇದರಿಂದ ಆದ ಉಪಕಾರವನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆದರೂ ಅಂತರ ದೊಡ್ಡದೇ ಇದೆ. 2015-16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಯಿದ್ದೂ ಚಿಕಿತ್ಸೆ ಪಡೆಯದವರ ಪ್ರಮಾಣ ಬೇರೆ ಬೇರೆ ಕಾಯಿಲೆಗಳಲ್ಲಿ ಶೇ. 70ರಿಂದ 92ರವರೆಗಿತ್ತು. ಆ 12 ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲವಾದರೂ, ಹಳ್ಳಿಗಳಲ್ಲಿ ನಾನು ನೋಡುವ ಸ್ಥಿತಿ ಅದಕ್ಕಿಂತ ತೀರಾ ಬೇರೆಯೆಂದು ನನಗೆ ಅನಿಸಿಲ್ಲ. ಮದ್ಯವ್ಯಸನದ ವಿಷಯದಲ್ಲಂತೂ ಗಂಡಸರು ಕ್ಲಿನಿಕ್ಕಿಗೆ ಬರುವುದು ಹೊಟ್ಟೆನೋವು, ಕಾಮಾಲೆ ಎಂದೇ ಹೊರತು ಕುಡಿತ ಬಿಡಬೇಕೆಂದು ಬರುವವರು ಅಪರೂಪ.

ಹಾಗಾದರೆ ಮೊದಲು ಏನು ಮಾಡಬೇಕು? ನನ್ನನ್ನು ಕೇಳಿದರೆ, ಈಗಿರುವ ಹುದ್ದೆಗಳಲ್ಲಿ ಜನ ನೆಲೆನಿಲ್ಲುವಂತೆ ಮಾಡಬೇಕು. ಜಿಲ್ಲಾ ತಂಡವೆಂದರೆ ಮನೋವೈದ್ಯರ ಜೊತೆಗೆ ಚಿಕಿತ್ಸಾ ಮನೋವಿಜ್ಞಾನಿ, ಮನೋವೈದ್ಯಕೀಯ ಸಾಮಾಜಿಕ ಕಾರ್ಯಕರ್ತರು, ಶುಶ್ರೂಷಕರು ಮತ್ತು ದಾಖಲೆ ನೋಡಿಕೊಳ್ಳುವವರು. ಇವರಲ್ಲಿ ಹೆಚ್ಚಿನವರು ಗುತ್ತಿಗೆಯ ಮೇಲಿರುವವರು. ವರ್ಷವರ್ಷವೂ ನವೀಕರಣಕ್ಕೆ ಕಾಯುವ, ಕೆಲವೊಮ್ಮೆ ತಿಂಗಳುಗಟ್ಟಲೆ ಸಂಬಳಕ್ಕೂ ಕಾಯುವ ಮನುಷ್ಯ ಒಂದು ಕುಟುಂಬಕ್ಕೆ ಮೂರು ವರ್ಷದ ಭರವಸೆ ಕೊಡಲಾರ. ಮನೋರೋಗದ ಚಿಕಿತ್ಸೆ ನಿಂತಿರುವುದೇ ಪರಿಚಯದ ಮುಖದ ಮೇಲೆ, ಮತ್ತು ಮುಖ ಬದಲಾದಾಗಲೆಲ್ಲ ರೋಗಿ ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ, ಎಷ್ಟೋ ಮಂದಿ ಅದಕ್ಕೇ ಬೇಸತ್ತು ಬರುವುದನ್ನು ಬಿಡುತ್ತಾರೆ.

ಎರಡನೆಯದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಒಮ್ಮೆ ತರಬೇತಿ ಕೊಟ್ಟು ಕೈತೊಳೆದುಕೊಳ್ಳುವುದನ್ನು ನಿಲ್ಲಿಸಬೇಕು. ಮೂರು ದಿನದ ತರಬೇತಿ ಮುಗಿಸಿ ಹೋದ ವೈದ್ಯರು, ಮೊದಲ ಖಿನ್ನತೆಯ ರೋಗಿ ಎದುರು ಕುಳಿತಾಗ ಧೈರ್ಯ ಸಾಲದೆ ಜಿಲ್ಲಾಸ್ಪತ್ರೆಗೆ ಬರೆದುಕೊಡುವುದನ್ನು ಬಹಳ ಸಲ ನೋಡಿದ್ದೇನೆ. ಅವರ ಹೊರರೋಗಿ ವಿಭಾಗದಲ್ಲೇ, ಅವರದೇ ರೋಗಿಯನ್ನು ಮುಂದಿಟ್ಟುಕೊಂಡು, ಮನೋವೈದ್ಯರು ವಿಡಿಯೊ ಮೂಲಕ ಜೊತೆಗೆ ಕುಳಿತು ಕಲಿಸುವ ವಿಧಾನವನ್ನು ನಿಮ್ಹಾನ್ಸ್ ರೂಪಿಸಿದೆ. ನನಗೆ ಅದರಲ್ಲಿ ಬಹಳ ನಂಬಿಕೆಯಿದೆ. ಆಶಾ ಕಾರ್ಯಕರ್ತೆಯರ ವಿಷಯವೂ ಇದೇ. ಯಾವ ಮನೆಯಲ್ಲಿ ಯಾರು ಮಾತು ಬಿಟ್ಟಿದ್ದಾರೆ, ಯಾವ ಬಾಣಂತಿ ಮಗುವನ್ನು ಮುಟ್ಟುತ್ತಿಲ್ಲ ಎಂಬುದು ಎಲ್ಲರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತದೆ. ಆದರೆ ಆಗಲೇ ಹೊರೆ ಹೊತ್ತಿರುವ ಅವರ ಹೆಗಲಿಗೆ ಗೌರವಧನವಿಲ್ಲದ ಇನ್ನೊಂದು ಕೆಲಸ ಹೇರುವುದು ನ್ಯಾಯವಲ್ಲ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯನ್ನೂ (14416) ಇಲ್ಲಿ ಹೇಳಲೇಬೇಕು. ಹಗಲು ರಾತ್ರಿ, ಕನ್ನಡದಲ್ಲೂ, ಉಚಿತವಾಗಿ ಮಾತಾಡಬಹುದು. ಮನೆಯವರೆದುರು ಬಾಯಿಬಿಡಲಾರದ ಕಾಲೇಜು ಹುಡುಗರಿಗೆ ಇದು ದೊಡ್ಡ ಆಸರೆ, ಆದರೆ ಕೋಣೆಯಲ್ಲಿ ಕೂಡಿಹಾಕಲ್ಪಟ್ಟವಳು ಫೋನ್ ಮಾಡುವುದಿಲ್ಲ, ಅವಳ ಬಳಿಗೆ ಯಾರಾದರೂ ನಡೆದೇ ಹೋಗಬೇಕು.

ಇದೆಲ್ಲ ಸರ್ಕಾರದ ಕೃಪೆಯ ಮಾತಲ್ಲ, ಕಾನೂನಿನ ಮಾತು. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಸರ್ಕಾರಿ ಆರೋಗ್ಯ ಸಂಸ್ಥೆಗಳ ಮತ್ತು ಕಾರಾಗೃಹಗಳ ವೈದ್ಯಾಧಿಕಾರಿಗಳಿಗೆ ಮೂಲಭೂತ ಮಾನಸಿಕ ಚಿಕಿತ್ಸೆಯ ತರಬೇತಿ ಕೊಡಬೇಕೆನ್ನುತ್ತದೆ. ಜಾರಿಯಾದ ಹತ್ತು ವರ್ಷಗಳೊಳಗೆ ಮಾನಸಿಕ ಆರೋಗ್ಯ ವೃತ್ತಿಪರರ ಸಂಖ್ಯೆಯನ್ನು ಅಂತರರಾಷ್ಟ್ರೀಯ ಮಾನದಂಡಕ್ಕೆ ಏರಿಸಲು ಪ್ರಯತ್ನಿಸಬೇಕೆಂದೂ ಹೇಳುತ್ತದೆ. ಆ ಅವಧಿ 2028ರ ಮೇ ತಿಂಗಳಿಗೆ ಮುಗಿಯುತ್ತದೆ. ನಿಮ್ಮ ಶಾಸಕರಿಗೆ ಪತ್ರ ಬರೆಯುವುದಾದರೆ ಈ ಕಲಮನ್ನೇ ಹಿಡಿದು ಬರೆಯಿರಿ.

ಕ್ಷೇತ್ರಕಾರ್ಯಕ್ಕೆ ಹೊರಡುವಾಗ ಅನುಮತಿ ಪಡೆದು, ನಿಮ್ಮ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಒಂದು ದಿನ ಕುಳಿತುಕೊಳ್ಳಿ. ಎಷ್ಟು ಜನ ಬಂದರು ಎಂಬುದನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ನೀವು ರಿಜಿಸ್ಟರಿನಲ್ಲಿ, ಹಿಂದಿನ ತಿಂಗಳು ಬಂದು ಈ ತಿಂಗಳು ಬಾರದವರು ಯಾರು, ಅವರ ಮನೆಗೆ ಹೋದವರು ಯಾರು ಎಂದು ಕೇಳಿ ಬರೆದುಕೊಳ್ಳಿ. ಅಂದಹಾಗೆ, ಆ ಹೆಣ್ಣುಮಗಳು ಈಗ ಮತ್ತೆ ಕ್ಲಿನಿಕ್ಕಿಗೆ ಬರುತ್ತಿದ್ದಾಳೆ. ಮಾತ್ರೆ ತಪ್ಪಿದರೂ ಚಿಕಿತ್ಸೆ ತಪ್ಪದಿರಲೆಂದು ಅವಳ ಒಪ್ಪಿಗೆ ಪಡೆದು ತಿಂಗಳ ಚುಚ್ಚುಮದ್ದಿಗೆ ಬದಲಿಸಿದ್ದೇವೆ, ಅದನ್ನು ಅವಳ ಊರಿನ ಸಮೀಪದ ಆರೋಗ್ಯ ಕೇಂದ್ರದ ಶುಶ್ರೂಷಕಿಯೇ ಕೊಡುತ್ತಾರೆ.