ರಜೆಯಲ್ಲಿ ಓದಿದ ಕಾದಂಬರಿ ಗೆಳೆಯರಿಗೆಲ್ಲ ಹಿಡಿಸಿದೆ, ನನಗೊಬ್ಬಳಿಗೆ ಹಿಡಿಸಿಲ್ಲ. ಹೇಗೆ ಹೇಳಲಿ?

ನಿಮಗೆ 15 ವರ್ಷ. ಬೇಸಿಗೆ ರಜೆಯಲ್ಲಿ ಐದು ಜನ ಸೇರಿ ಹದಿಹರೆಯದವರ ಕಾದಂಬರಿಗಳನ್ನು ಓದಿದ್ದೀರಿ. ಈಗ ಕೂತು ಮಾತಾಡೋಣ ಅಂದರೆ 'ಸೂಪರ್', 'ಬೋರ್' ಬಿಟ್ಟು ಬೇರೆ ಮಾತೇ ಹೊರಡುತ್ತಿಲ್ಲ ಅಂತ ಬರೆದಿದ್ದೀರಿ. ಅದರ ಜೊತೆಗೆ ಎಲ್ಲರೂ ಮೆಚ್ಚಿದ ಒಂದು ಪುಸ್ತಕ ನಿಮಗೆ ಹಿಡಿಸಲಿಲ್ಲ. ಹೇಳಿದರೆ ಮುನಿಸಿಕೊಳ್ಳುತ್ತಾರೇನೋ ಅನ್ನುವ ಅಳುಕು ಬೇರೆ.

ಖಂಡಿತ ಹೇಳಿ. ಆದರೆ ಪುಸ್ತಕ ಕೈಯಲ್ಲಿ ಹಿಡಿದುಕೊಂಡು ಹೇಳಿ. ಓದುತ್ತಾ ಓದುತ್ತಾ ಎಲ್ಲಿ ನಿಮ್ಮ ಮನಸ್ಸು ಹಿಂದೆ ಸರಿಯಿತೋ ಆ ಪುಟ ತೆಗೆದು, 'ಇಲ್ಲಿ ನೋಡಿ' ಅನ್ನಿ. ನನಗೆ ಗೊತ್ತಿರುವ ಉಪಾಯ ಇದೊಂದೇ. ಕೆಲವು ವರ್ಷಗಳಿಂದ ರಜೆ ಮುಗಿಯುವ ಹೊತ್ತಿಗೆ ನಿಮ್ಮ ವಯಸ್ಸಿನ ಮಕ್ಕಳ ಜೊತೆ ಇಂಥ ಮಾತುಕತೆಗೆ ಕೂರುತ್ತಿದ್ದೇನೆ. ಪ್ರತಿ ಸಲವೂ ಪುಟ ತೆರೆದ ಮೇಲೆಯೇ ಮಾತಿಗೆ ಜೀವ ಬಂದಿದೆ.

ಒಂದು ಸಲ ಲೋಯಿಸ್ ಲೌರಿ ಅವರ 'ದಿ ಗಿವರ್' ಬಗ್ಗೆ ಜಗಳವೇ ಆಯಿತು. 1993ರ ಕಾದಂಬರಿ ಅದು. (ನೀವಿನ್ನೂ ಓದಿಲ್ಲದಿದ್ದರೆ ಇಲ್ಲಿಂದ ಮೂರು ಪ್ಯಾರಾ ಬಿಟ್ಟು ಮುಂದಕ್ಕೆ ಹೋಗಿ, ಕೊನೆ ಹೇಳುತ್ತಿದ್ದೇನೆ.) ನೋವಿಲ್ಲದ, ಬಣ್ಣವಿಲ್ಲದ, ಹಳೆಯ ನೆನಪುಗಳೇ ಇಲ್ಲದ ಒಂದು ಊರು. ಊರಿನವರ ಪರವಾಗಿ ಆ ನೆನಪುಗಳನ್ನೆಲ್ಲ ಹೊತ್ತ ಮುದುಕನೊಬ್ಬ ಜೋನಸ್ ಅನ್ನುವ ಹುಡುಗನಿಗೆ ಅವನ್ನು ಒಂದೊಂದಾಗಿ ದಾಟಿಸುತ್ತಾನೆ. ಆಮೇಲೆ ಜೋನಸ್ ಒಂದು ಪುಟ್ಟ ಮಗುವನ್ನು ಎತ್ತಿಕೊಂಡು ಅಲ್ಲಿಂದ ಓಡಿಹೋಗುತ್ತಾನೆ. ಕೊನೆಗೆ ಹಿಮ, ಗುಡ್ಡ, ಹಿಮದ ಮೇಲೆ ಜಾರುವ ಗಾಡಿ, ಕೆಳಗೆಲ್ಲೋ ದೀಪಗಳು.

ಒಬ್ಬ ಹುಡುಗಿ 'ಅವನು ಸತ್ತ' ಅಂದಳು. ಪಕ್ಕದ ಹುಡುಗ 'ಸಾಯಲಿಲ್ಲ, ತಲುಪಿದ' ಅಂದ. ಸತ್ತ, ತಲುಪಿದ, ಸತ್ತ, ತಲುಪಿದ ಅಂತ ಸುಮಾರು ಹೊತ್ತು ಅದೇ ನಡೆಯಿತು. ಅಲ್ಲಿಯವರೆಗೆ ಬಾಯಿಬಿಡದೆ ಕೂತಿದ್ದ ಇನ್ನೊಬ್ಬಳು ಕೊನೆಯ ಪುಟ ತೆಗೆದು ನಿಧಾನವಾಗಿ, ಗಟ್ಟಿಯಾಗಿ ಓದಿದಳು. ಕೊನೆಯ ವಾಕ್ಯದಲ್ಲಿ 'ಬಹುಶಃ' ಅನ್ನುವ ಅರ್ಥದ ಒಂದು ಪದ ಇದೆ. ಮೊದಲನೆಯ ಹುಡುಗಿ ಅದರ ಮೇಲೆ ಬೆರಳಿಟ್ಟಳು. 'ನಿಜವಾಗಿ ತಲುಪಿದ್ದರೆ ಈ ಪದ ಯಾಕೆ ಬೇಕಿತ್ತು? ಅವನಿಗೆ ಸಿಕ್ಕ ಮೊದಲನೇ ನೆನಪೇ ಹಿಮದ ಗುಡ್ಡದಲ್ಲಿ ಅಂಥ ಗಾಡಿಯಲ್ಲಿ ಜಾರಿದ್ದು. ಸಾಯುವಾಗ ಅದೇ ಕಣ್ಣ ಮುಂದೆ ಬರುತ್ತಿದೆ.' ಹುಡುಗ ಪುಸ್ತಕ ಕಿತ್ತುಕೊಂಡು ಸ್ವಲ್ಪ ಹಿಂದಕ್ಕೆ ತಿರುಗಿಸಿದ. ಗುಡ್ಡದ ತುದಿಯಲ್ಲಿ ಜೋನಸ್‌ಗೆ ಬರುವ ನೆನಪು ಯಾರೋ ಕೊಟ್ಟದ್ದಲ್ಲ, ಅವನ ಸ್ವಂತದ್ದು ಅಂತ ಅಲ್ಲಿ ಬರೆದಿದೆ. 'ಇದನ್ನು ಓದಿದ್ಯಾ?' ಅಂದ. ಅವಳು ಓದಿದ್ದಳು, ಆದರೆ ಆ ಸಾಲನ್ನು ಗಮನಿಸಿರಲಿಲ್ಲ. ಒಂದು ನಿಮಿಷ ಎಲ್ಲರೂ ಸುಮ್ಮನಾದರು.

ಲೌರಿ ಆಮೇಲೆ ಇದೇ ಸರಣಿಯಲ್ಲಿ ಇನ್ನೂ ಮೂರು ಕಾದಂಬರಿ ಬರೆದರು. ಕೊನೆಯದು 2012ರಲ್ಲಿ ಬಂತು. ಜೋನಸ್ ಬದುಕಿದ್ದಾನೆ ಅಂತ ಆ ಪುಸ್ತಕಗಳಲ್ಲಿ ಗೊತ್ತಾಗುತ್ತದೆ. ಅದನ್ನು ಹೇಳಿದಾಗ ಹುಡುಗ 'ನಾನು ಗೆದ್ದೆ' ಅಂದ. ಹುಡುಗಿ ಒಪ್ಪಲಿಲ್ಲ. 'ನಾನು ಓದಿದ್ದು ಈ ಒಂದು ಪುಸ್ತಕ. ಇದರಲ್ಲಿ ಬರೆದದ್ದರ ಬಗ್ಗೆ ಮಾತಾಡ್ತಿದ್ದೇನೆ' ಅಂದಳು. ನನಗೆ ಅವಳ ಮಾತೇ ಸರಿ ಅನ್ನಿಸಿತು. ಇಬ್ಬರೂ ಮನಸ್ಸು ಬದಲಿಸಲಿಲ್ಲ. ಮನೆಗೆ ಹೋಗುವಾಗಲೂ ಅದನ್ನೇ ಮಾತಾಡುತ್ತಾ ಹೋದರು.

ಇನ್ನು 'ಬೋರ್' ವಿಷಯ. ಈ ಪದದ ಹಿಂದೆ ಸಾಮಾನ್ಯವಾಗಿ ಒಂದು ಒಳ್ಳೆಯ ಮಾತು ಅಡಗಿರುತ್ತದೆ. 'ದಿ ಹಂಗರ್ ಗೇಮ್ಸ್' ಬೋರ್ ಅಂದ ಹುಡುಗನಿಗೆ 'ಎಲ್ಲಿ?' ಅಂತ ಕೇಳಿದೆ. 'ಪೀಟಾಗೆ ಅವಳ ಮೇಲೆ ಪ್ರೀತಿ ಇದೆ ಅಂತ ನಮಗೆಲ್ಲ ಗೊತ್ತಾಗುತ್ತೆ, ಕ್ಯಾಟ್ನಿಸ್‌ಗೆ ಮಾತ್ರ ಗೊತ್ತಾಗಲ್ಲ. ಸಿಟ್ಟು ಬರುತ್ತೆ' ಅಂದ. ಎಷ್ಟು ಚೆನ್ನಾಗಿ ಗಮನಿಸಿದ್ದಾನೆ ಅಲ್ವಾ! ಟಿವಿಯಲ್ಲಿ ತೋರಿಸುವ ಒಂದು ಸಾವಿನ ಆಟಕ್ಕೆ ಇಳಿದ ಹುಡುಗಿ ಕ್ಯಾಟ್ನಿಸ್, ಪೀಟಾ ಅದೇ ಆಟದಲ್ಲಿರುವ ಹುಡುಗ. ಇಡೀ ಕಾದಂಬರಿ ಕ್ಯಾಟ್ನಿಸ್ ಬಾಯಲ್ಲೇ ಇದೆ, ಅದೂ ಈ ಕ್ಷಣ ನಡೆಯುತ್ತಿರುವ ಹಾಗೆ. ಸುತ್ತ ಕ್ಯಾಮೆರಾಗಳು, ಯಾರು ಬೇಕಾದರೂ ಕೊಲ್ಲಬಹುದಾದ ಜಾಗ. ಪೀಟಾ ನಟಿಸುತ್ತಿದ್ದಾನೆ ಅಂತ ಅವಳು ಅಂದುಕೊಳ್ಳುವುದು ಸಹಜ. ಅವಳಿಗೆ ಕಾಣದ್ದು ಅವಳ ಮಾತಿನಲ್ಲೇ ನಮಗೆ ಕಾಣುವ ಹಾಗೆ ಸುಜೇನ್ ಕಾಲಿನ್ಸ್ ಬರೆದಿದ್ದಾರೆ. ಇದು ತಿಳಿದ ಮೇಲೂ ಅವನಿಗೆ ಎಳೆದಾಟ ಜಾಸ್ತಿಯಾಯಿತು ಅನ್ನಿಸಿದರೆ ಅನ್ನಿಸಲಿ. ಈಗ ಅವನ ಹತ್ತಿರ ಕಾರಣ ಇದೆ.

ಹೇಳುವ ರೀತಿಯ ಬಗ್ಗೆ ಒಂದು ಮಾತು. ಒಬ್ಬ ಹುಡುಗಿ ರಟ್ಟು ಬಿಚ್ಚಿಹೋಗಿದ್ದ ಪುಸ್ತಕಕ್ಕೆ ಟೇಪ್ ಅಂಟಿಸಿಕೊಂಡು ತಂದಿದ್ದಳು. ಮೂರು ಸಲ ಓದಿದ್ದಳಂತೆ. ಅವಳು ಬಾಯಿ ತೆರೆಯುವ ಮೊದಲೇ ಯಾರೋ 'ಅಯ್ಯೋ, ಅದು ಬರೀ ಅಳುಬುರುಕ ಕಥೆ' ಅಂದುಬಿಟ್ಟರು. ಅವಳು ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡಳು. ಆ ದಿನ ಮತ್ತೆ ಮಾತಾಡಲಿಲ್ಲ. ನಾನು ಅಲ್ಲೇ ಇದ್ದೆ, ತಡೆಯಬೇಕಿತ್ತು, ತಡೆಯಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಮೊದಲು ಮೆಚ್ಚಿದವರು ಮಾತಾಡಲಿ. ಆಮೇಲೆ ನಿಮ್ಮ ಪುಟ ತೆರೆದು, 'ನನಗೆ ಈ ಜಾಗದಲ್ಲಿ ನಂಬಿಕೆ ಬರಲಿಲ್ಲ, ನಿನಗೆ ಇಲ್ಲಿ ಏನನ್ನಿಸಿತು?' ಅಂತ ಕೇಳಿ. ಆಗ ಯಾರೂ ಮುನಿಸಿಕೊಳ್ಳುವುದಿಲ್ಲ ಅಂತಲ್ಲ, ಆದರೆ ಮಾತು ಮುಂದುವರಿಯುತ್ತದೆ.

ಕೊನೆಯನ್ನು ಹೇಳುವ ಮುಂಚೆ ಎಲ್ಲರೂ ಓದಿ ಮುಗಿಸಿದ್ದಾರಾ ಅಂತ ಕೇಳಿಬಿಡಿ. ಮಾರ್ಕಸ್ ಜೂಸಾಕ್ ಅವರ 'ದಿ ಬುಕ್ ಥೀಫ್'ನಲ್ಲಿ ಸಾವೇ ಕಥೆ ಹೇಳುತ್ತದೆ, ಒಬ್ಬ ಮುಖ್ಯ ಹುಡುಗ ಸಾಯುತ್ತಾನೆ ಅನ್ನುವುದನ್ನು ಬಹಳ ಮೊದಲೇ ತಿಳಿಸಿಬಿಡುತ್ತದೆ. ಆದರೂ ಆ ಜಾಗ ಬಂದಾಗ ಅಳು ತಡೆಯಲಾಗುವುದಿಲ್ಲ. ಆದರೆ ಹಾಗೆ ಮೊದಲೇ ಹೇಳಿದ್ದು ಲೇಖಕರು ಬೇಕೆಂದೇ ಮಾಡಿದ ಕೆಲಸ. ನಾವು ಇನ್ನೊಬ್ಬರ ಓದು ಕೆಡಿಸುವುದು ಬೇರೆ.

'ನಮ್ಮಂಥವರ ಅಭಿಪ್ರಾಯ ಯಾರಿಗೆ ಬೇಕು?' ಅಂತಲೂ ಕೇಳಿದ್ದೀರಿ. ಅಮೆರಿಕದ ಲೇಖಕಿ ಎಸ್. ಇ. ಹಿಂಟನ್ ಸುಮಾರು ನಿಮ್ಮ ವಯಸ್ಸಿನಲ್ಲೇ 'ದಿ ಔಟ್‌ಸೈಡರ್ಸ್' ಬರೆಯಲು ಕೂತರು. ತಾವು ಕಂಡ ಹುಡುಗ ಹುಡುಗಿಯರ ಬದುಕು ಯಾವ ಪುಸ್ತಕದಲ್ಲೂ ಸಿಗುತ್ತಿಲ್ಲ ಅನ್ನುವುದು ಅವರ ತಕರಾರು. ಅದೂ ಓದಿದ್ದರ ಬಗ್ಗೆ ಒಂದು ಅಭಿಪ್ರಾಯವೇ. ಕಾದಂಬರಿ 1967ರಲ್ಲಿ ಬಂತು, ಇವತ್ತಿಗೂ ಮಕ್ಕಳು ಓದುತ್ತಿದ್ದಾರೆ.

ಅರ್ಧಕ್ಕೆ ಬಿಟ್ಟ ಪುಸ್ತಕದ ಬಗ್ಗೆ ಮಾತಾಡಬಹುದಾ ಅಂದಿರಲ್ಲ, ಧಾರಾಳವಾಗಿ ಮಾತಾಡಿ. 'ಇಷ್ಟನೇ ಪುಟದಲ್ಲಿ ಬಿಟ್ಟೆ' ಅಂತ ಮೊದಲೇ ಹೇಳಿಬಿಡಿ ಅಷ್ಟೆ. ಬಿಟ್ಟ ಜಾಗದಲ್ಲಿ ಒಂದು ಚೀಟಿ ಇಟ್ಟುಕೊಂಡು ಹೋಗಿ. ಆ ಪುಟದ ಆಚೆ ಏನಿದೆ ಅಂತ ಓದಿ ಮುಗಿಸಿದವರು ಹೇಳುವಾಗ ನಿಮಗೇ ಚೀಟಿ ತೆಗೆದು ಮುಂದಕ್ಕೆ ಓದುವ ಆಸೆ ಹುಟ್ಟಬಹುದು.